ಮೋಟೆಲ್ ಕಟ್ಟಿದ ಜಟ್ಟಪ್ಪ ಮೇಸ್ತ್ರಿ

ಅವತ್ತು ಶನಿವಾರ. ನಮ್ಮ ಮನೆಯವರು, ಗಾರೆ ಮೇಸ್ತ್ರಿ ಜಟ್ಟಪ್ಪ, ಭದ್ರಾವತಿ ಮಾರ್ಕೆಟ್ಟಿನಿಂದ ಬಂಗಡೆ ಮೀನು ತಂದರು. ಸಾರಿಗೆ ಹುಳಿ ಸಾಲದು ಎಂದು ಬೈದುಕೊಂಡೇ ಎರಡು ಮುದ್ದೆ ಉಂಡರು. ಮಾರನೆಯ ದಿನ ಲಿಂಗಪ್ಪನವರ ಮೋಟೆಲ್ ಕೆಡವುವ ಕೆಲಸ. ಶಿವಮೊಗ್ಗಕ್ಕೆ ಹೋಗುವ ರಸ್ತೆ ಅಗಲ ಮಾಡುತ್ತಿದ್ದರು, ಮೋಟೆಲ್ ಅಡ್ಡ ಬಂದಿತ್ತು.

"ನೀವೇ ಕಟ್ಟಿದ್ದು. ಕೆಡವೋಕೂ ನೀವೇ ಬೇಕಾ?" ಅಂದೆ.

"ಬೇರೆಯವನು ಕೈ ಹಾಕಿದ್ರೆ ಸಾಯ್ತಾನೆ ಮಾರಾಯ್ತಿ. ಯಾವ ಗೋಡೆ ಮೇಲೆ ಎಷ್ಟು ಭಾರ ಕೂತಿದೆ ಅಂತ ನಂಗೆ ಗೊತ್ತು. ಬೇಕಾದ್ರೆ ನಿನ್ನ ಭಾರಾನೂ ಹೇಳ್ತೀನಿ."

"ಮುಳ್ಳು ನೋಡ್ಕೊಂಡು ಉಣ್ಣಿ," ಅಂದೆ.

ಆ ಮೋಟೆಲ್ ಕಟ್ಟಿದ್ದು ತೊಂಬತ್ತಮೂರರಲ್ಲಿ. ನಾನೂ ಅಲ್ಲಿ ಇಟ್ಟಿಗೆ ಹೊತ್ತಿದ್ದೇನೆ. ಸಾಲಾಗಿ ಹತ್ತು ರೂಮು, ಒಂದೊಂದರ ಮುಂದೆ ಕಾರು ನಿಲ್ಲಲು ಜಾಗ. ಎದುರಿಗೆ ಪೋರ್ಟಿಕೊ, ನಾಲ್ಕು ಗುಂಡು ಕಂಬ. ಕಂಬಗಳನ್ನು ಇವರು ಕೈಯಲ್ಲೇ ಉಜ್ಜಿ ನುಣ್ಣಗೆ ಮಾಡಿದ್ದರು. ಒಳಗೆ ಆಫೀಸು, ಪಕ್ಕದಲ್ಲಿ ಊಟದ ಹಾಲ್. ಎರಡರ ನಡುವೆ ಒಂಬತ್ತಿಂಚಿನ ಗೋಡೆ. ಅಲ್ಲಿನ ತಾರಸಿಯ ಭಾರವೆಲ್ಲ ಅದರ ಮೇಲೆ. ಸಕ್ರೆಬೈಲಿಗೆ ಆನೆ ನೋಡಲು ಹೋಗುವವರು ಅಲ್ಲಿ ಉಳಿಯುತ್ತಿದ್ದರು. ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ಇವರು ಪಕ್ಕದವರಿಗೆ ತೋರಿಸಿ, "ನನ್ನ ಕೆಲಸ" ಅನ್ನುತ್ತಿದ್ದರು. ಗುರುತಿಲ್ಲದವರಿಗೂ ಹೇಳುತ್ತಿದ್ದರು.

ಭಾನುವಾರ ತಾರಸಿ ಹತ್ತಿ, ಕೆಳಗೆ ಆ ಗೋಡೆ ಇರುವ ಜಾಗ ನೋಡಿಯೇ ನಿಂತರಂತೆ. ಜೊತೆಗಿದ್ದ ಆಳು ಚೌಡಪ್ಪನಿಗೆ, "ನೀನು ಇಳಿ, ನಾನು ಗಟ್ಟಿ ಜಾಗದಲ್ಲಿದ್ದೀನಿ" ಅಂದರಂತೆ. ನಾಲ್ಕನೇ ಪೆಟ್ಟಿಗೆ ತಾರಸಿ ಇವರ ಸಮೇತ ಕುಸಿಯಿತು.

ಗೋಡೆ ಇರಲಿಲ್ಲ. ಮಣ್ಣು ತೆಗೆದಾಗ ಚೌಡಪ್ಪನಿಗೆ ಕಂಡದ್ದು ಬಣ್ಣ ಬಳಿದ ಪ್ಲೈವುಡ್. ಎರಡು ವರ್ಷದ ಹಿಂದೆ ಬಾರ್ ಮಾಡುವಾಗ ಲಿಂಗಪ್ಪನವರು ಗೋಡೆ ಒಡೆಸಿ ಅದನ್ನು ನಿಲ್ಲಿಸಿದ್ದರು. ಇವರಿಗೆ ಹೇಳಲಿಲ್ಲ. ಇವರೂ ತಟ್ಟಿ ನೋಡಲಿಲ್ಲ. ತಾನು ಕಟ್ಟಿದ್ದನ್ನು ಯಾರು ತಟ್ಟಿ ನೋಡುತ್ತಾರೆ?

ಇವರ ಹನ್ನೊಂದನೇ ದಿನದ ಕಾರ್ಯಕ್ಕೆ ಲಿಂಗಪ್ಪನವರು ಬಂದರು. "ಆವಾಗ ಸಿಮೆಂಟ್ ಕಮ್ಮಿ ಹಾಕಿದ್ದ ಅನ್ಸುತ್ತೆ ಕಣಮ್ಮ."

"ನಾನು ಹೊತ್ತ ಇಟ್ಟಿಗೆ ಎಲ್ಲಿ ಸ್ವಾಮಿ?" ಅಂದೆ.

ಬಾಳೆಹಣ್ಣು ಇಟ್ಟು ಎದ್ದು ಹೋದರು. ಅಷ್ಟರಲ್ಲಿ ಮಣ್ಣು, ಪ್ಲೈವುಡ್ ಎಲ್ಲ ಲಾರಿಯಲ್ಲಿ ಹೋಗಿತ್ತು. ಪೊಲೀಸರು ಗೋಡೆಯ ವಿಷಯ ಬರೆದುಕೊಳ್ಳಲಿಲ್ಲ. ಜಟ್ಟಪ್ಪನ ಕಳಪೆ ಕೆಲಸ ಜಟ್ಟಪ್ಪನ ಮೇಲೇ ಬಿತ್ತು ಎಂಬ ಮಾತು ಊರಲ್ಲಿ ನಿಂತುಬಿಟ್ಟಿತು. ಅದು ಸುಳ್ಳು. ಅದಕ್ಕೇ ಇಷ್ಟು ಬರೆದೆ.

ಈಗ ಚೌಡಪ್ಪನೇ ಮೇಸ್ತ್ರಿ. ಅವನು ಕಟ್ಟುವ ಮನೆಗಳಿಗೆ ನೀರು ಹಾಕುವ ಕೆಲಸ ನನಗೆ ಕೊಟ್ಟಿದ್ದಾನೆ. ದಿನಾ ಬೆಳಿಗ್ಗೆ ಆರಕ್ಕೆ ಹೋಗಿ, ಬಿಸಿಲು ಏರುವ ಮೊದಲು ಹೊಸ ಗೋಡೆಗಳನ್ನೆಲ್ಲ ನೆನೆಸುತ್ತೇನೆ. ಒಣಗಲು ಬಿಟ್ಟರೆ ಸಿಮೆಂಟ್ ಬಲ ಹಿಡಿಯುವುದಿಲ್ಲ.