ಬೀದಿಯ ನೀರಿಗೆ ದಾರಿ ಹೇಳುವ ಬುರುಲ್ಚಾ

ಬಿಷ್ಕೆಕ್ ಹೊರವಲಯದ ಅಕ್‌ಬುಲಾಕ್ ಬೀದಿಯಲ್ಲಿ ಕೋಳಿ ಕೂಗುವ ಹೊತ್ತಿಗೇ ಬುರುಲ್ಚಾ ಓಡುತ್ತಿದ್ದಾರೆ. ಹೆಗಲ ಮೇಲೆ ಸನಿಕೆ, ಕಾಲಿಗೆ ತೀರಿಹೋದ ಗಂಡನ ದೊಗಲೆ ಬೂಟು. ಧೋ ಎಂದು ಮಳೆ. ಬೆಟ್ಟದ ಕೆಂಪು ನೀರೆಲ್ಲ ಮನೆಗಳ ಮುಂದಿನ ಕಾಲುವೆಗೆ ಧುಮುಕಿದೆ.

“ಹಲಗೆ ಇಳಿಸ್ರೋ! ತೋಟದ ಬಾಯಿ ಮುಚ್ರೋ!”

ಇಲ್ಲಿ ಪ್ರತಿ ಮನೆಗೂ ಕಾಲುವೆಯಿಂದ ತೋಟಕ್ಕೊಂದು ಬಾಯಿ, ಅದಕ್ಕೊಂದು ಹಲಗೆ. ಇಳಿಸಿದರೆ ನೀರು ನೇರ ಹೊಳೆಗೆ. ಎತ್ತಿಟ್ಟರೆ ತೋಟಕ್ಕೆ, ಮಳೆ ಬಂದ ದಿನ ತೋಟದಿಂದ ನೆಲಮಾಳಿಗೆಗೆ. “ಮಳೆ ತಾನಾಗಿ ಮನೆಯೊಳಗೆ ಬರಲ್ಲ ಕಣಪ್ಪಾ. ನಾವೇ ಕರ್ಕೊಂಡು ಬರೋದು,” ಎನ್ನುತ್ತಾರೆ ಬುರುಲ್ಚಾ.

ಅವರ ಗಂಡನೂ ಹಾಗೇ ಕರೆದುಕೊಂಡು ಬಂದಿದ್ದ. ತೋಟಕ್ಕೆ ನೀರು ಬಿಟ್ಟುಕೊಳ್ಳುವ ತನ್ನ ಸರದಿಯ ದಿನ ಬಿಡಲಾರದೆ ಮಳೆಯಲ್ಲೂ ಹಲಗೆ ಇಳಿಸಲಿಲ್ಲ. ನೆಲಮಾಳಿಗೆಯ ಆಲೂಗಡ್ಡೆ ಕೊಳೆತು, ಆ ಚಳಿಗಾಲವಿಡೀ ಮನೆಮಂದಿ ಟರ್ನಿಪ್ ಬೇಯಿಸಿ ತಿಂದರು. ಮರುವರ್ಷ ಬುರುಲ್ಚಾ ತಾವೇ ಮುಂದೆ ಬಂದು ಬೀದಿಯ ನೀರು ಹಂಚುವ ಕೆಲಸ ಹಿಡಿದರು. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಬೀದಿಯ ಬೈಗುಳವೆಲ್ಲ ಒಬ್ಬರ ತಲೆಗೇ ಬರುವ ಕೆಲಸ.

ಇವತ್ತು ಎಲ್ಲರೂ ಹಲಗೆ ಇಳಿಸಿದ್ದಾರೆ, ಸಗಿನಾಲಿ ಒಬ್ಬನನ್ನು ಬಿಟ್ಟು. ಹಲಗೆಗೆ ಬೆನ್ನು ಕೊಟ್ಟು, ತೊಯ್ದ ಟೋಪಿಯಲ್ಲಿ ಕಾವಲು ನಿಂತಿದ್ದಾನೆ. ಅವನ ಗೋಡೆಯಾಚೆ, ಅವನ ತೋಟದ ನೀರು ಇಳಿಯುವ ತಗ್ಗಿನಲ್ಲಿ, ರೊಟ್ಟಿ ಸುಟ್ಟು ಮಾರುವ ಕನಿಶಾಯ್‌ಳ ಮನೆ. ಆಕೆಯ ಬದುಕೆಲ್ಲ ನೆಲಮಾಳಿಗೆಯ ಹಿಟ್ಟಿನ ಮೂಟೆಗಳಲ್ಲಿದೆ. ಆದರೆ ಸರದಿ ಇರುವವನ ಹಲಗೆಯನ್ನು ಬೇರೆಯವರು ಮುಟ್ಟುವಂತಿಲ್ಲ, ನೀರು ಹಂಚುವವರು ಕೂಡ.

“ಆಕಾಶನೇ ಸುರೀತಿದೆ, ನಿಂಗೆ ಕಾಲುವೆ ನೀರು ಬೇರೆ ಬೇಕೇನೋ?”

“ಆಕಾಶದ್ದು ಎಲ್ಲರದ್ದು ಅಕ್ಕಾ. ಇದು ನನ್ನ ಸರದಿ. ಹೋದ ವರ್ಷ ಬಿಟ್ಟುಕೊಟ್ಟೆ, ಯಾವನು ವಾಪಸ್ ಕೊಟ್ಟ?”

ಗೋಡೆಯಾಚೆಯಿಂದ ಕನಿಶಾಯ್ ಚೀರುತ್ತಾಳೆ: “ಅಕ್ಕಾ, ಮೆಟ್ಟಿಲಿಗೆ ನೀರು ಬಂತು!”

“ಸರಿ, ನನ್ನ ಸರದಿ ತಗೋ ಮಾರಾಯಾ. ನಾಳೇದು.”

“ನಾಳೆ ನೀರು ಯಾರಿಗೆ ಬೇಕು? ನನ್ನೇನು ಕತ್ತೆ ಅಂದ್ಕೊಂಡ್ರಾ?”

ಬುರುಲ್ಚಾ ಉಸಿರು ಎಳೆದುಕೊಳ್ಳುತ್ತಾರೆ. “ಹಂಗಾದ್ರೆ ಕಡು ಬೇಸಗೇದು. ನೆಲ ಬಿರಿಯೋವಾಗಿನ ನನ್ನ ಸರದಿ ನಿಂದು.”

ಸಗಿನಾಲಿಯ ಮುಖ ಬದಲಾಗುತ್ತದೆ. “ನಿಮ್ಮ ಟೊಮೆಟೊ?”

“ಅದು ನನ್ನ ಹಣೆಬರಹ. ಆ ಹುಡುಗಿ ಹಿಟ್ಟು ತೊಯ್ದ್ರೆ ನಾಳೆ ಚಹಾಕ್ಕೆ ಏನು ಅದ್ದಿಕೊಂಡು ತಿಂತೀಯ, ನಿನ್ನ ಸರದೀನಾ?”

ಧಡಾರನೆ ಹಲಗೆ ಬೀಳುತ್ತದೆ! ಕಾಲುವೆ ಸಿಂಹದಂತೆ ಗುಡುಗಿ ಹೊಳೆಯತ್ತ ನುಗ್ಗುತ್ತದೆ. ಇಡೀ ಬೀದಿ ಕನಿಶಾಯ್‌ಳ ಅಂಗಳದಲ್ಲಿದೆ. ಬಾಗಿಲಿಗೆ ಮಣ್ಣಿನ ಚೀಲ ಒಟ್ಟುವವರು, ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುವವರು. ಎಲ್ಲರಿಗಿಂತ ಮೊದಲು ಮೂಟೆ ಹೊತ್ತು ಮೇಲೆ ಬಂದವನು ಸಗಿನಾಲಿ. ಹಿಟ್ಟು ಮೆತ್ತಿ ಮೀಸೆಯೆಲ್ಲ ಬೆಳ್ಳಗೆ. “ಪೌಡರ್ ಬಳ್ಕೊಂಡು ಮದುಮಗ ಬಂದ!” ಎಂದು ಹೆಂಗಸರು ನಗುತ್ತಾರೆ.

ತೊಯ್ದದ್ದು ಒಂದೇ ಮೂಟೆ. ಮಳೆ ನಿಲ್ಲುವಷ್ಟರಲ್ಲಿ ತಂದೂರಿನಿಂದ ಹೊಗೆ ಏಳುತ್ತಿದೆ.

ಬೂಟಿನ ನೀರು ಸುರಿದು ಬುರುಲ್ಚಾ ಬಿಸಿ ರೊಟ್ಟಿ ಮುರಿಯುತ್ತಾರೆ. ಟೊಮೆಟೊ ಗಿಡಗಳ ಗತಿಯೇನೆಂದು ಯಾರೋ ಕೇಳಿದರೆ ತಲೆ ಕೊಡವುತ್ತಾರೆ.

“ಒಣಗಿದ್ರೆ ಒಣಗ್ಲಿ ಬಿಡಿ. ಹಲಗೆ ಅವನೇ ಇಳಿಸ್ದ. ನಾನು ಮುಟ್ಟಲಿಲ್ಲ.”