ಸಾಹೇಬರು ಬರುತ್ತಾರೆಂದು ತೊಳೆದ ಹಳ್ಳ

ಊರಿನವರು ಅವಳನ್ನು ಮೀಟಿಂಗಕ್ಕ ಎನ್ನುತ್ತಿದ್ದರು. ಹೊಗಳಿಕೆಯೇನಲ್ಲ. ಅವಳು ಬಾಗಿಲಿಗೆ ಬಂದಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿತೆಂದೇ ಲೆಕ್ಕ.

ಗಂಡ ತೀರಿಕೊಂಡ ಮೇಲೆ ಪಕ್ಷದವರು ಅವಳ ಕೈಗೆ ಬಾವುಟ ಕೊಟ್ಟಿದ್ದರು. ಗೋಡೆಗೋಡೆಗೆ ಅಂಟು ಬಳಿದು ಪೋಸ್ಟರು ಹಚ್ಚಿದಳು, ಬದುವಿನ ಮೇಲೆ ನಡೆದು ಸುತ್ತಲ ಹಳ್ಳಿಯ ಹೆಂಗಸರನ್ನು ಕೂಡಿಸಿದಳು, ಭಾಷಣ ಮಾಡುವವರಿಗೆ ಕುರ್ಚಿ ಒರೆಸಿಟ್ಟಳು. ಹಳ್ಳದ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂತು. ನೀರು ಒಂದು ದಿನ ನೀಲಿ, ಒಂದು ದಿನ ಕೆಂಪು. ಕಾಲಿಟ್ಟವರಿಗೆಲ್ಲ ತುರಿಕೆ. ಪಕ್ಷದ ಮುಖಂಡ ಮಾತ್ರ, "ಊರಿಗೆ ಕೆಲಸ ಬಂದಿದೆ, ಸುಮ್ಮನಿರಮ್ಮ" ಎಂದ. ಅವಳು ಬಾವುಟ ಮಡಚಿ ಅವನ ಮೇಜಿನ ಮೇಲಿಟ್ಟು ಬಂದುಬಿಟ್ಟಳು. ತಾನೇ ಪಂಚಾಯ್ತಿಗೆ ನಿಂತಳು. "ನಿನಗೇ ಹಾಕಿದ್ದು ಅಕ್ಕ" ಎಂದು ಊರಿಗೆ ಊರೇ ಹೇಳಿತು; ಎಣಿಸಿ ನೋಡಿದರೆ ಠೇವಣಿಯೂ ಉಳಿಯಲಿಲ್ಲ.

ಆಮೇಲೆ ಉಳಿದದ್ದು ಹಳ್ಳದ ಕೆಲಸವೊಂದೇ. ಕಚೇರಿಯ ಬೆಂಚು ಅವಳ ಸೊಂಟಕ್ಕೆ ಒಗ್ಗಿಹೋಯಿತು. ಅಹವಾಲು ಕೇಳಿದ ಅಧಿಕಾರಿಗಳು ಒಬ್ಬೊಬ್ಬರಾಗಿ ವರ್ಗವಾಗಿ ಹೋದರು. ಕೊನೆಗೆ ಬಂದವನು ಹೇಳಿದ, "ನಾನೇ ಬಂದು ನೀರು ತಗೊಂಡು ಹೋಗ್ತೀನಿ. ಕೆಟ್ಟಿದ್ರೆ ಕಾರ್ಖಾನೆ ನಿಲ್ಲಿಸೋಣ. ಇಲ್ದಿದ್ರೆ ಫೈಲು ಮುಚ್ತೀನಿ, ಆಮೇಲೆ ಈ ಕಡೆ ಬರಬೇಡಿ."

ಅವಳು ಮನೆಮನೆಗೂ ಹೋಗಿ ಸುದ್ದಿ ಮುಟ್ಟಿಸಿದಳು. ಅವನು ಬರುವ ದಿನ ಮೊದಲ ಬಸ್ಸಿಗೆ ಪಟ್ಟಣಕ್ಕೆ ಹೋಗಿ, ಅಧಿಕಾರಿಯ ಜೀಪಿನಲ್ಲೇ ಹಿಂದಿರುಗಿದಳು.

ಹಳ್ಳದ ಬಳಿ ಇಳಿದು ನೋಡಿದಳು. ದಂಡೆಯಲ್ಲಿ ನೊರೆಯಿಲ್ಲ, ಸತ್ತ ಮೀನಿಲ್ಲ. ಒಗೆಯುವ ಕಲ್ಲುಗಳನ್ನು ತಿಕ್ಕಿ ತೊಳೆದಿದ್ದರು. ನೀರು ತಳದ ಮರಳು ಕಾಣುವಂತೆ ದಂಡೆ ತುಂಬ ಹರಿಯುತ್ತಿತ್ತು.

ಕೆರೆಯ ತೂಬು ನೋಡಿಕೊಳ್ಳುವ ಮೈದುನ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಕೋಳಿ ಕೂಗೋ ಮೊದಲೇ ತೂಬು ಎತ್ತಿ ಹಳ್ಳಕ್ಕೆ ಕೆರೆ ನೀರು ಬಿಟ್ಟೆ ಅತ್ತಿಗೆ. ಹೆಂಗಸರು ಬುಟ್ಟಿ ಬುಟ್ಟಿ ನೊರೆ ಬಾಚಿದ್ರು. ನೀವು ಕರ್ಕೊಂಡು ಬಂದೋರ ಮುಂದೆ ಊರ ಮಾನ ಹೋಗಬಾರದಲ್ಲ!"

ಅಧಿಕಾರಿ ಸೀಸೆ ತುಂಬಿ ಬಿಸಿಲಿಗೆ ಹಿಡಿದ. "ನಮ್ಮನೆ ನಲ್ಲೀಲೂ ಇಂಥ ನೀರು ಬರಲ್ಲಮ್ಮ."

"ಇದು ಕೆರೆ ನೀರು ಸಾರ್. ತೂಬು ಇಳಿಸ್ತಾರೆ, ಸಂಜೆವರೆಗೆ ಕೂತ್ಕೊಳ್ಳಿ. ನಿಮಗೇ ಗೊತ್ತಾಗುತ್ತೆ."

ಅವನು ನೆರೆದವರ ಕಡೆ ತಿರುಗಿದ. "ನೀವೇ ಹೇಳಿ. ಈ ನೀರಿಂದ ತೊಂದರೆ ಏನಾದ್ರೂ ಇದೆಯಾ?"

ಊರಿನ ಹಿರಿಯ ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಿಗೆ ಸೇರಿಸಿ ಕೈಮುಗಿದ. ಅವನ ಮೊಣಕಾಲಿನವರೆಗೂ ಕೆರೆದು ಕೆರೆದು ಆದ ಗಾಯ. "ಏನೂ ಇಲ್ಲ ಸ್ವಾಮಿ. ಎಲ್ಲಾ ತಮ್ಮ ದಯೆ."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಪಕ್ಕದ ಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಸಾಹೇಬರು ಎಷ್ಟು ಮೆಚ್ಕೊಂಡ್ರು ನೋಡಕ್ಕ!"

"ಅವರು ಬಂದದ್ದು ಯಾತಕ್ಕೆ ಅಂತ ನಿನಗೆ ಹೇಳಿರಲಿಲ್ವೇನೇ?"

"ನೀನೇನೋ ಹೇಳಿದ್ದೆ. ಹಾಗಂತ ಮನೆ ಬಾಗಿಲಿಗೆ ಬಂದೋರಿಗೆ ಕೊಳಕು ತೋರಿಸೋಕಾಗುತ್ತಾ?"

ಇಷ್ಟು ವರ್ಷ ಮೀಟಿಂಗಕ್ಕ ಇವರಿಗೆ ಕೂಗುವುದನ್ನು ಕಲಿಸಿದ್ದಳು, ಮೆರವಣಿಗೆಯಲ್ಲಿ ನಡೆಯುವುದನ್ನು ಕಲಿಸಿದ್ದಳು. ನೆಂಟರು ಬರುವಾಗ ಅಂಗಳ ಗುಡಿಸಬೇಡಿ ಎಂದು ಕಲಿಸುವುದು ಅವಳಿಗೂ ಹೊಳೆದಿರಲಿಲ್ಲ. ತೊಳೆದ ಕಲ್ಲಿನ ಮೇಲೆ ಕೂತಳು.

ಮೈದುನನಿಗೆ ಈಗ ಅರ್ಥವಾದಂತಿತ್ತು. ತಲೆ ತಗ್ಗಿಸಿ ನಿಂತವನು ಮೆಲ್ಲಗೆ ಕೇಳಿದ, "ತೂಬು ಇಳಿಸಲಾ ಅತ್ತಿಗೆ? ಕೆರೆ ಬರಿದಾಗುತ್ತೆ."

"ಇಳಿಸುವೆಯಂತೆ, ತಡಿ," ಎಂದಳು. "ಮೊದಲು ದನಗಳನ್ನ ಹೊಡ್ಕೊಂಡು ಬರೋಕೆ ಹೇಳು. ಇವತ್ತೊಂದು ದಿನವಾದ್ರೂ ಹೊಟ್ಟೆ ತುಂಬ ಕುಡೀಲಿ."