ಎರಡನೇ ಕುರ್ಚಿಯ ದುಭಾಷಿ

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಔಷಧಿ ಅಂಗಡಿ ಇನ್ನೂ ತೆರೆದಿಲ್ಲ. ಅದರ ಗಾಜಿನೆದುರು ನಿಂತ ಹುಡುಗಿಯೊಬ್ಬಳು ತಲೆಸುತ್ತು, ಹೊಟ್ಟೆನೋವು, ಊಟಕ್ಕೆ ಮೊದಲು, ಊಟದ ನಂತರ ಎಂದು ತನ್ನ ಪ್ರತಿಬಿಂಬಕ್ಕೇ ಕೈಯಲ್ಲಿ ಹೇಳುತ್ತಿದ್ದಾಳೆ. ನೆಲ ಒರೆಸುವ ಅಜ್ಜಿ ಬಕೆಟ್ ಸರಿಸುತ್ತಾ ಕೇಳುತ್ತಾರೆ: "ಏನಮ್ಮಾ, ಬೆಳಗಾಗೆದ್ದು ಗಾಜಿನ ಜೊತೆ ಜಗಳಾನಾ?"

"ಪ್ರಾಕ್ಟೀಸು ಅಜ್ಜಿ" ಎಂದು ಅಂಗಿಯ ಕತ್ತಿನ ಗುಂಡಿ ಸರಿಮಾಡಿಕೊಳ್ಳುತ್ತಾಳೆ. ಬಟ್ಟೆಯಲ್ಲಿ ಹೂವು, ಗೆರೆ ಏನೂ ಇರುವಂತಿಲ್ಲ; ನೋಡುವವರಿಗೆ ಕೈ ಮಾತ್ರ ಕಾಣಬೇಕು.

ಸನ್ನೆ ಭಾಷೆಯ ದುಭಾಷಿಯಾಗಿ ಇವಳು ಪಾಸಾಗಿ ಮೂರು ತಿಂಗಳು. ಡಾಕ್ಟರ ಮಾತನ್ನು ಕಿವಿ ಕೇಳದ ರೋಗಿಗಳಿಗೆ ಕೈಯಲ್ಲಿ, ಅವರ ಕೈಮಾತನ್ನು ಡಾಕ್ಟರಿಗೆ ಬಾಯಲ್ಲಿ ತಿಳಿಸುವುದು ಕೆಲಸ. ವಿಚಾರಣೆ ಮೇಜಿನ ಹಿಂದೆ ಎರಡು ಕುರ್ಚಿ. ಮೊದಲನೆಯದರಲ್ಲಿ ಇವಳ ಸಹಪಾಠಿ. ತೊಂದರೆ ಇರುವುದೇ ಅಲ್ಲಿ.

ಆ ಗೆಳತಿಯ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದು. ಹಾಗಾಗಿ ಅವಳಿಗಿದು ತೊಟ್ಟಿಲಲ್ಲೇ ಕಲಿತ ಭಾಷೆ. ಕೆನ್ನೆಯ ಗುಳಿ ನೋಡಿ ಮೊದಲ ವಾರವೇ ರೋಗಿಗಳು ಅವಳಿಗೆ ಬೆರಳಿಂದ ಕೆನ್ನೆ ಒತ್ತಿ ತೋರಿಸುವ ಒಂದು ಸನ್ನೆ ಹೆಸರು ಇಟ್ಟರು. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಕಿವುಡರೇ ಕೊಡಬೇಕು. ಇವಳು ಇನ್ನೂ 'ಗುಳಿಕೆನ್ನೆಯ ಪಕ್ಕದವಳು'.

"ಉರಿಯುತ್ತೆ ಮೇಡಂ" ಎನ್ನುತ್ತಾಳೆ, ಇವಳ ಬಗ್ಗೆ ಬರೆಯಲು ಬಂದ ನನಗೆ. "ಸುಳ್ಳು ಯಾಕೆ ಹೇಳ್ಲಿ? ನಾನು ಕೈ ಎತ್ತಿದ್ರೂ ಅವರ ಕಣ್ಣು ಅವಳ ಕಡೆಗೇ ಜಾರುತ್ತೆ. ಪರೀಕ್ಷೇಲಿ ಜಾಸ್ತಿ ಮಾರ್ಕ್ಸ್ ನಂದು! ಅವಳಿಗೆ ಒಂದೇ ಒಂದು ದಿನ ಜ್ವರ ಬರ್ಲಿ ಅಂತ ಬೇಡ್ಕೊಂಡಿದೀನಿ. ಹಾಳಾದವಳು, ಸೀನೋದೂ ಇಲ್ಲ."

ಗೆಳತಿ ಒಳ್ಳೆಯವಳೆಂಬುದು ಇನ್ನೊಂದು ಸಂಕಟ. ತನ್ನ ಸಾಲಿನಿಂದ ಒಬ್ಬಿಬ್ಬರನ್ನು ಇವಳತ್ತ ಕಳಿಸುತ್ತಾಳೆ. "ದಾನ ಮಾಡ್ತಾಳೆ" ಎಂದು ಇವಳು ಮುಖ ಊದಿಸುತ್ತಾಳೆ. "ಹೀಗೇ ಆದ್ರೆ ಕೆಲಸ ಬಿಡ್ತೀನಿ ಅಂತ ಅಮ್ಮನಿಗೂ ಹೇಳಿಬಿಟ್ಟಿದ್ದೆ."

ಕಳೆದ ವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದರು. ಗೆಳತಿ ನಗುತ್ತಾ ಎದ್ದಳು. ಆಕೆ ಅವಳನ್ನು ದಾಟಿ ಬಂದು ಇವಳ ಮುಂದೆ ನಿಂತರು. ಕಾರಣವನ್ನೂ ಕೈಯಲ್ಲೇ ಹೇಳಿದರು, ಇಷ್ಟನ್ನು ಬರೆಯಲು ಅವರದೇ ಒಪ್ಪಿಗೆ ಇದೆ. ಗೆಳತಿಯ ಅಮ್ಮ ಅವರ ಪಕ್ಕದ ಮನೆಯವರು. 'ಆ ಹುಡುಗಿ ಯಾರಿಗೂ ಹೇಳೋಳಲ್ಲ. ಆದ್ರೆ ಅವಳ ಮುಖ ನೋಡಿದಾಗೆಲ್ಲ ಇವತ್ತಿನ ಮಾತು ನೆನಪಾಗುತ್ತೆ. ನೀನು ನಮಗೆ ಯಾರೂ ಅಲ್ಲ. ನೀನೇ ಬೇಕು.'

ಯಾರೂ ಅಲ್ಲ! ಮೂರು ತಿಂಗಳಿಂದ ಇವಳನ್ನು ಕೊರೆಯುತ್ತಿದ್ದದ್ದೇ ಅದು.

ಡಾಕ್ಟರ ಕೋಣೆಯೊಳಗೆ ಆಕೆಯ ಒಂದು ಸನ್ನೆ ಇವಳಿಗೆ ಅರ್ಥವಾಗಲಿಲ್ಲ. ಹಿಂದೆಲ್ಲ ಗೊತ್ತಿರುವಂತೆ ತಲೆಯಾಡಿಸಿ ಆಮೇಲೆ ಬೆವರುತ್ತಿದ್ದವಳು ಅಂದು, ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು. ಆಕೆ ನಿಧಾನವಾಗಿ ಮತ್ತೆ ಹೇಳಿದರು. ಡಾಕ್ಟರೂ ಕಾದರು. ಈ ಸಲ ಅರ್ಥ ಹಿಡಿದು ಡಾಕ್ಟರಿಗೆ ತಿಳಿಸಿದಳು.

ಹೊರಡುವಾಗ ಆಕೆ ಕತ್ತಿನ ಬಳಿ ಎರಡು ಬೆರಳಲ್ಲಿ ಗುಂಡಿ ಹಾಕಿದಂತೆ ಮಾಡಿ ಇವಳತ್ತ ತೋರಿಸಿದರು. ಇವಳಿಗೂ ಹೆಸರು ಬಂತು.

ಡಾಕ್ಟರ ಕೋಣೆಯಲ್ಲಿ ಏನು ಮಾತಾಯಿತೆಂದು ಕೇಳುತ್ತೇನೆ. "ಅದು ಹೇಳಲ್ಲ ಮೇಡಂ." ಬೇರೇನಾದರೂ ಆಸೆ ಇದೆಯೇ ಎಂದರೆ ಮೊದಲ ಕುರ್ಚಿಯತ್ತ ನೋಡಿ ದನಿ ತಗ್ಗಿಸುತ್ತಾಳೆ.

"ಅವತ್ತು ಊಟದ ಡಬ್ಬಿ ಮುಂದೆ ಇಟ್ಕೊಂಡು ಅವಳು ಮುಖ ಸಣ್ಣದು ಮಾಡ್ಕೊಂಡು ಕೂತಿದ್ಲು. ಪಾಪ ಅನ್ನಿಸ್ತು. ಖುಷಿನೂ ಆಯ್ತು. ಇನ್ನೊಂದೇ ಸಲ ಹಾಗೆ ಕೂತ್ಕೋಬೇಕು, ಅಷ್ಟೇ. ಆಮೇಲೆ ನನ್ನ ಸಾಲಿಂದ ನಾನೇ ಒಬ್ಬಿಬ್ರನ್ನ ಅವಳ ಕಡೆ ಕಳಿಸ್ತೀನಿ."